ಸಲಿಕೆಗೆ ತೂತು ಏಕೆ?



ಮೊದಲು ನಿಮಗೊಂದು ಒಗಟು. ತೂತಿರುವ ಸಲಿಕೆಯಿಂದ ಯಾರಾದರೂ ಅಗೆಯುತ್ತಾರೆಯೇ? ಅಗೆದರೂ ಎಲ್ಲ ಸೋರಿಹೋಗುವುದಿಲ್ಲವೇ?

ಉತ್ತರ ಬೇಕಾದರೆ ಫ್ಲಾರಿಡಾದ ಪೂರ್ವ ಕರಾವಳಿಗೆ ಬೆಳಗಿನ ಹೊತ್ತು ಹೋಗಿ ನೋಡಿ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಒಂದು ಕೈಯಲ್ಲಿ ಮೆಟಲ್ ಡಿಟೆಕ್ಟರ್ ಆಡಿಸುತ್ತಾ, ಇನ್ನೊಂದು ಕೈಯಲ್ಲಿ ಉದ್ದ ಹಿಡಿಯ ಉಕ್ಕಿನ ಬುಟ್ಟಿಯನ್ನು ಎಳೆದುಕೊಂಡು ಹೋಗುವವರು ಸಿಗುತ್ತಾರೆ. ಆ ಬುಟ್ಟಿಯ ಹೆಸರು ಸ್ಯಾಂಡ್ ಸ್ಕೂಪ್. ಅದರ ಬಾಯಿ ಸಲಿಕೆಯ ಹಾಗೆ ಹರಿತ, ಮೈಯೆಲ್ಲ ಜರಡಿಯ ಹಾಗೆ ತೂತು. ಮರಳು ಸೋರಿಹೋಗಲಿ ಎಂದೇ ಅದಕ್ಕೆ ತೂತು. ಒಳಗೆ ಉಳಿದದ್ದು ನಮಗೆ, ಸೋರಿದ್ದು ಸಮುದ್ರಕ್ಕೆ.

ಎಲ್ಲರೂ ಡಿಟೆಕ್ಟರ್ ಬಗ್ಗೆಯೇ ಮಾತಾಡುತ್ತಾರೆ. ಆದರೆ ಡಿಟೆಕ್ಟರ್ "ಇಲ್ಲಿ ಏನೋ ಇದೆ" ಎಂದು ಹೇಳಿ ಸುಮ್ಮನಾಗುತ್ತದೆ. ಅದು ನಮ್ಮ ಕೈಗೆ ಬರುತ್ತದೋ ಇಲ್ಲವೋ ಎನ್ನುವುದು ಸ್ಕೂಪಿನ ಮೇಲೆ ನಿಂತಿದೆ. ಇತಿಹಾಸದಲ್ಲೂ ಹಾಗೆಯೇ ಆಗಿದೆ. ಜನ ಯಾವ ಸಾಮಾನು ಹಿಡಿದು ಹುಡುಕಿದರೋ ಅದರಲ್ಲಿ ನಿಲ್ಲುವಂಥದ್ದು ಮಾತ್ರ ಅವರಿಗೆ ಸಿಕ್ಕಿತು. ಮಿಕ್ಕಿದ್ದು ಮುಂದಿನವರಿಗೆ ಉಳಿಯಿತು, ಇಲ್ಲವೇ ಹಾಳಾಯಿತು. ಇದನ್ನು ತಿಳಿಯಲು ಫ್ಲಾರಿಡಾದ ಒಂದೇ ಒಂದು ಕಡಲತೀರದ ಮುನ್ನೂರು ವರ್ಷಗಳ ಕಥೆ ಸಾಕು. ಅದನ್ನು ಹೇಳಿ, ಆಮೇಲೆ ನಿಮಗೆ ಯಾವ ಸ್ಕೂಪ್ ಒಳ್ಳೆಯದು ಎಂಬಲ್ಲಿಗೆ ಬರುತ್ತೇನೆ.

ಒಂದು ರಾತ್ರಿ, ಹನ್ನೊಂದು ಹಡಗು

1715ರ ಜುಲೈ 24ರಂದು ಕ್ಯೂಬಾದ ಹವಾನಾ ಬಂದರಿನಿಂದ ಸ್ಪೇನ್ ದೇಶದ ಹನ್ನೊಂದು ಹಡಗುಗಳು ಹೊರಟವು. ಜೊತೆಗೆ ಗ್ರಿಫೋನ್ ಎಂಬ ಒಂದು ಫ್ರೆಂಚ್ ಹಡಗೂ ಇತ್ತು. ಸ್ಪೇನ್ ಆಗಷ್ಟೇ ಒಂದು ದೊಡ್ಡ ಯುದ್ಧ ಮುಗಿಸಿತ್ತು, ಖಜಾನೆ ಬರಿದಾಗಿತ್ತು. ಅಮೆರಿಕ ಖಂಡದ ಗಣಿಗಳ ಬೆಳ್ಳಿ, ಚಿನ್ನ ಆದಷ್ಟು ಬೇಗ ಮನೆಗೆ ತಲುಪಬೇಕಿತ್ತು. ಅದಕ್ಕಾಗಿ ಚಂಡಮಾರುತಗಳ ಕಾಲದಲ್ಲೇ ಹಡಗುಗಳು ಹೊರಟುಬಿಟ್ಟವು.

ಹೊರಟ ಒಂದು ವಾರಕ್ಕೆ, ಜುಲೈ 30ರ ರಾತ್ರಿ ಕಳೆದು 31 ಬೆಳಗಾಗುವುದರೊಳಗೆ, ಚಂಡಮಾರುತ ಸ್ಪೇನಿನ ಹನ್ನೊಂದು ಹಡಗುಗಳನ್ನೂ ನುಂಗಿತು. ಗ್ರಿಫೋನ್ ಒಂದೇ ಉಳಿಯಿತು. ಸತ್ತವರು ಸುಮಾರು ಒಂದು ಸಾವಿರ ಜನ. ಪಡೆಯ ಮುಖ್ಯಸ್ಥ ಉಬಿಯಾ ಕೂಡ ಮುಳುಗಿಹೋದ. ಬದುಕಿ ದಡ ಸೇರಿದವರು ಈಗಿನ ಸೆಬಾಸ್ಟಿಯನ್ ಇನ್ಲೆಟ್ ಹತ್ತಿರ ಮರಳ ದಿಬ್ಬಗಳ ಮೇಲೆ ಬಿಡಾರ ಹೂಡಿದರು. ಇವತ್ತು ಆ ಕರಾವಳಿಯನ್ನು "ಟ್ರೆಷರ್ ಕೋಸ್ಟ್", ಅಂದರೆ ನಿಧಿಯ ಕರಾವಳಿ ಎನ್ನುತ್ತಾರೆ. ಹೆಸರು ಕೇಳಿದರೆ ಖುಷಿಯಾಗುತ್ತದೆ. ಆದರೆ ಅದು ಸಾವಿರ ಜನ ಸತ್ತ ಜಾಗ ಎಂಬುದನ್ನು ಮರೆಯಬಾರದು. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಕೊಕ್ಕೆಗೆ ಸಿಕ್ಕಿದ್ದು, ಸಿಕ್ಕದ್ದು

ಸುದ್ದಿ ತಿಳಿದ ಕೂಡಲೇ ಹವಾನಾದಿಂದ ದೋಣಿಗಳು ಬಂದವು. ಕಳೆದ ಬೆಳ್ಳಿಯನ್ನು ಮೇಲೆತ್ತುವ ಕೆಲಸ ಮೂರ್ನಾಲ್ಕು ವರ್ಷ ನಡೆಯಿತು. ಆಗ ಆಕ್ಸಿಜನ್ ಸಿಲಿಂಡರ್ ಇಲ್ಲ, ನೀರಿನೊಳಗೆ ನೋಡುವ ಕನ್ನಡಕವಿಲ್ಲ. ಉಸಿರು ಬಿಗಿಹಿಡಿದು ಮುಳುಗುವವರ ಎದೆ ಗಟ್ಟಿಯಿದ್ದಷ್ಟೇ ಕೆಲಸ. ಅವರ ಬಳಿ ಇದ್ದದ್ದು ಹಗ್ಗ, ಕೊಕ್ಕೆ ಮತ್ತು ಎರಡು ಕೈ. ಇಂಥವರಿಗೆ ಏನು ಸಿಗುತ್ತದೆ ಹೇಳಿ? ಹಗ್ಗ ಕಟ್ಟಲು ಬರುವ ಪೆಟ್ಟಿಗೆ, ಕೊಕ್ಕೆಗೆ ಸಿಕ್ಕುವ ಗಂಟು, ಕಣ್ಣಿಗೆ ಕಾಣುವ ರಾಶಿ. ಅವರು ಬಹಳಷ್ಟನ್ನು ಎತ್ತಿದರು. 1716ರಲ್ಲಿ ಹೆನ್ರಿ ಜೆನ್ನಿಂಗ್ಸ್ ಎಂಬವನ ಕಡೆಯವರು ಬಂದು, ಎತ್ತಿಟ್ಟಿದ್ದ ಬೆಳ್ಳಿಯನ್ನೇ ದೋಚಿಕೊಂಡು ಹೋದರು! ಕಡಲ್ಗಳ್ಳರಿಗೆ ಮುಳುಗುವ ಕಷ್ಟವೂ ಬೇಕಿರಲಿಲ್ಲ.

ಆದರೆ ಪೆಟ್ಟಿಗೆ ಒಡೆದು ಚದುರಿದ ನಾಣ್ಯಗಳು ಕೊಕ್ಕೆಗೆ ಸಿಗಲಿಲ್ಲ. ಇಲ್ಲಿ ಸ್ವಲ್ಪ ವಿಜ್ಞಾನ ಬೇಕು. ಮರಳು ನೀರಿಗಿಂತ ಸುಮಾರು 2.65 ಪಟ್ಟು ಭಾರ. ಬೆಳ್ಳಿ 10.5 ಪಟ್ಟು, ಚಿನ್ನ 19.3 ಪಟ್ಟು. ಅಲೆ ಬಂದಾಗ ಮರಳು ಅಲುಗಾಡುತ್ತದೆ, ಭಾರವಾದ ಲೋಹ ಅದರೊಳಗೆ ಕೆಳಕ್ಕೆ ಇಳಿಯುತ್ತದೆ. ಚಿಪ್ಪಿನ ಪದರವೋ ಜೇಡಿಮಣ್ಣೋ ಸಿಕ್ಕಿದಾಗ ನಿಲ್ಲುತ್ತದೆ. ಹೀಗೆ ಉಳಿದ ನಾಣ್ಯಗಳು ತಲೆಮಾರುಗಟ್ಟಲೆ ಮರಳಿನ ಕೆಳಗೇ ಇದ್ದವು. ದೊಡ್ಡ ಬಿರುಗಾಳಿ ಬಂದು ತೀರದ ಮರಳನ್ನು ಕೊಚ್ಚಿಕೊಂಡು ಹೋದಾಗ ಮಾತ್ರ ಮೇಲೆ ಕಾಣಿಸುತ್ತಿದ್ದವು. ಬರ್ನಾರ್ಡ್ ರೋಮನ್ಸ್ ಎಂಬ ನಕ್ಷೆಗಾರ 1775ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಜೋರಾದ ಪೂರ್ವದ ಗಾಳಿ ಬೀಸಿದ ಮೇಲೆ ಇಲ್ಲಿ ಸ್ಪೇನಿನ ನಾಣ್ಯ ಸಿಗುತ್ತವೆ ಎಂದು ಆಗಲೇ ಬರೆದಿದ್ದ. ಆಮೇಲೆ ಅದನ್ನು ಹೆಚ್ಚು ಜನ ಗಮನಿಸಲಿಲ್ಲ.

ಹದಿನೈದು ಡಾಲರಿನ ಯಂತ್ರ

ಲೋಹ ಪತ್ತೆ ಮಾಡುವ ಯಂತ್ರ ಹುಟ್ಟಿದ್ದು ನಿಧಿಗಾಗಿ ಅಲ್ಲ, ಪ್ರಾಣ ಉಳಿಸಲು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರಿಗೆ ಗುಂಡೇಟು ಬಿತ್ತು. ಅವರ ಮೈಯೊಳಗಿನ ಗುಂಡು ಹುಡುಕಲು ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಒಂದು ಯಂತ್ರ ಮಾಡಿಕೊಂಡು ಹೋದರು. ಗುಂಡು ಸಿಗಲಿಲ್ಲ. ಅರುವತ್ತು ವರ್ಷಗಳ ನಂತರ, ಎರಡನೆಯ ಮಹಾಯುದ್ಧದಲ್ಲಿ, ಯುಜೆಫ್ ಕೊಸಾಟ್ಸ್ಕಿ ಎಂಬ ಪೋಲೆಂಡಿನ ಅಧಿಕಾರಿ ಬ್ರಿಟನ್ನಿನಲ್ಲಿದ್ದುಕೊಂಡು, ನೆಲದೊಳಗಿನ ಸಿಡಿಮದ್ದು ಪತ್ತೆ ಮಾಡುವ, ಒಬ್ಬನೇ ಹೊರಬಹುದಾದ ಯಂತ್ರ ರೂಪಿಸಿದರು. 1942ರ ಎಲ್ ಅಲಮೇನ್ ಯುದ್ಧದಲ್ಲಿ ಇಂಥ ಐನೂರು ಯಂತ್ರಗಳು ಬಳಕೆಯಾದವು. ಅವರು ಇದಕ್ಕೆ ಪೇಟೆಂಟ್ ಕೂಡ ತೆಗೆದುಕೊಳ್ಳಲಿಲ್ಲ.

ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಡಿಟೆಕ್ಟರುಗಳು ಅಗ್ಗವಾಗಿ ಮಾರಾಟಕ್ಕೆ ಬಂದವು. ಕಟ್ಟಡ ಕಟ್ಟಿಸುವ ಕೆಲಸ ಮಾಡುತ್ತಿದ್ದ ಕಿಪ್ ವ್ಯಾಗ್ನರ್ ಎಂಬವರು ಸೆಬಾಸ್ಟಿಯನ್ ಹತ್ತಿರ ವಾಸವಿದ್ದರು. ಬಿರುಗಾಳಿಯ ನಂತರ ತೀರದಲ್ಲಿ ಅವರಿಗೆ ಕಪ್ಪಗಿನ ಬೆಳ್ಳಿ ನಾಣ್ಯಗಳು ಸಿಗುತ್ತಿದ್ದವು. ಅವರು ಗಮನಿಸಿದ್ದು ಒಂದು ಸಣ್ಣ ವಿಷಯ: ಯಾವ ನಾಣ್ಯದ ಮೇಲೂ 1715ಕ್ಕಿಂತ ಈಚಿನ ವರ್ಷ ಇರಲಿಲ್ಲ. ಹಾಗಾದರೆ ಇವೆಲ್ಲ ಬಂದದ್ದು 1715ರ ಹಡಗುಗಳಿಂದಲೇ! ಹದಿನೈದು ಡಾಲರಿಗೆ ಸೈನ್ಯದ ಹಳೆಯ ಡಿಟೆಕ್ಟರ್ ಕೊಂಡು ದಿಬ್ಬಗಳ ಮೇಲೆ ಹುಡುಕಿದರು. ಹಡಗಿನ ಮೊಳೆಗಳು, ಫಿರಂಗಿ ಗುಂಡುಗಳು, ವಜ್ರ ಕೂರಿಸಿದ ಚಿನ್ನದ ಉಂಗುರ ಸಿಕ್ಕವು. ಬದುಕುಳಿದವರ ಬಿಡಾರ ಅದೇ ಆಗಿತ್ತು. ರೋಮನ್ಸ್ ಬರೆದ ಆ ಹಳೆಯ ಪುಸ್ತಕವನ್ನು ಅವರ ಗೆಳೆಯರೊಬ್ಬರು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹುಡುಕಿ ತೆಗೆದರು. ಯಂತ್ರಕ್ಕಿಂತ ಮೊದಲು ಕೆಲಸ ಮಾಡಿದ್ದು ನಾಣ್ಯದ ಮೇಲಿನ ವರ್ಷ ಓದುವ ತಾಳ್ಮೆ, ಆಮೇಲೆ ಪುಸ್ತಕ. ಇತಿಹಾಸದ ಹೋಂವರ್ಕ್ ಇಷ್ಟವಿಲ್ಲದ ಗೆಳೆಯರಿಗೆ ಇದನ್ನು ಹೇಳಿ!

ಅಂಚೆಡಬ್ಬಿ ಎಂಬ ದೈತ್ಯ

1960ರ ದಶಕದ ಆರಂಭದಲ್ಲಿ ವ್ಯಾಗ್ನರ್ ಗೆಳೆಯರೊಡನೆ "ರಿಯಲ್ ಏಟ್" ಎಂಬ ಕಂಪನಿ ಕಟ್ಟಿದರು. 1963ರಲ್ಲಿ ಮೆಲ್ ಫಿಶರ್ ಎಂಬ ಮುಳುಗುಗಾರರ ತಂಡ ಅವರನ್ನು ಸೇರಿಕೊಂಡಿತು. ನೀರಿನಡಿಯ ಮರಳನ್ನು ತೆಗೆಯುವುದೇ ಅವರಿಗೆ ದೊಡ್ಡ ತಲೆನೋವು. ಅದಕ್ಕೆ ಅವರು ಕಂಡುಕೊಂಡ ಉಪಾಯ: ದೋಣಿಯ ಪ್ರೊಪೆಲ್ಲರ್ ಹಿಂದೆ ಕೆಳಕ್ಕೆ ಬಾಗಿದ ದೊಡ್ಡ ಕೊಳವೆ ಇಟ್ಟು, ನೀರನ್ನು ರಭಸವಾಗಿ ತಳಕ್ಕೆ ಹಾಯಿಸುವುದು. ನೋಡಲು ಅಂಚೆಡಬ್ಬಿಯ ಹಾಗಿದ್ದುದರಿಂದ ಅದಕ್ಕೆ "ಮೇಲ್‌ಬಾಕ್ಸ್" ಎಂದೇ ಹೆಸರಾಯಿತು. ಅದು ಸ್ವಲ್ಪ ಹೊತ್ತಿನಲ್ಲೇ ಸಮುದ್ರದ ತಳದಲ್ಲಿ ದೊಡ್ಡ ಗುಂಡಿ ತೋಡುತ್ತಿತ್ತು. 1964ರ ಮೇ ತಿಂಗಳಲ್ಲಿ ಒಂದೇ ದಿನ ಸಾವಿರಕ್ಕೂ ಹೆಚ್ಚು ಚಿನ್ನದ ನಾಣ್ಯಗಳು ಸಿಕ್ಕವು. ಸಮುದ್ರದ ತಳಕ್ಕೆ ಚಿನ್ನದ ಜಮಖಾನ ಹಾಸಿದ ಹಾಗಿತ್ತಂತೆ.

ಕೊಕ್ಕೆಯಿಂದ ಆಗದ್ದನ್ನು ಈ ಯಂತ್ರ ಮಾಡಿತು. ಆದರೆ ಇದರಲ್ಲೂ ಏನೋ ಸೋರಿಹೋಯಿತು. ಪುರಾತತ್ತ್ವ ಶಾಸ್ತ್ರದವರಿಗೆ ನಾಣ್ಯಕ್ಕಿಂತ ನಾಣ್ಯ ಬಿದ್ದಿದ್ದ ಜಾಗ ಮುಖ್ಯ. ಪೆಟ್ಟಿಗೆ ಯಾವ ದಿಕ್ಕಿಗೆ ಒಡೆಯಿತು, ಪಕ್ಕದಲ್ಲಿ ಅಡುಗೆಯ ಮಡಕೆ ಇತ್ತೇ, ಯಾರ ಗುಂಡಿಯೋ ಬಾಚಣಿಗೆಯೋ ಇತ್ತೇ, ಎಷ್ಟು ಆಳದಲ್ಲಿತ್ತು ಎಂಬುದರಿಂದ ಆ ರಾತ್ರಿ ಏನಾಯಿತು ಎಂದು ಅವರು ಓದುತ್ತಾರೆ. ರಭಸದ ನೀರು ಹಗುರವಾದದ್ದನ್ನೆಲ್ಲ ಎತ್ತಿ ಒಗೆಯುತ್ತದೆ. ಚಿನ್ನ ಉಳಿಯುತ್ತದೆ, ಪುಟ ಹರಿದುಹೋಗುತ್ತದೆ. ಈ ವಿಷಯದಲ್ಲಿ ನಿಧಿ ಹುಡುಕುವವರಿಗೂ ವಿದ್ವಾಂಸರಿಗೂ ಜಗಳ ಇವತ್ತಿಗೂ ಮುಗಿದಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ವ್ಯಾಗ್ನರ್ ಅಂಥವರು ಹುಡುಕದಿದ್ದರೆ ಈ ಹಡಗುಗಳು ಎಲ್ಲಿವೆ ಎಂದು ಬಹಳ ಕಾಲ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎರಡೂ ನಿಜ.

ನಮ್ಮೂರಿನ ಜಾಲಗಾರರು

ಈಗ ಒಂದು ನಿಮಿಷ ಫ್ಲಾರಿಡಾ ಬಿಟ್ಟು ಗದಗಿಗೆ ಹೋಗಿಬರೋಣ. ಮರಳಿನಿಂದ ಲೋಹ ಬೇರೆ ಮಾಡಲು ಮುಖ್ಯವಾಗಿ ಎರಡು ಉಪಾಯ: ಗಾತ್ರ ನೋಡಿ ಸೋಸುವುದು, ತೂಕ ನೋಡಿ ತೊಳೆಯುವುದು. ಎರಡನೆಯದರಲ್ಲಿ ನಮ್ಮವರು ಪಳಗಿದ್ದರು. ಗದಗ ಜಿಲ್ಲೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದವರಿಗೆ ಜಾಲಗಾರರು ಎಂದು ಹೆಸರು. 19ನೇ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅಲ್ಲಿಗೆ ಹೋದಾಗ ಅವರ ಬಗ್ಗೆ ಬರೆದಿದ್ದಾರೆ. ನೀರಿನಲ್ಲಿ ಅಲುಗಾಡಿಸಿದರೆ ಹಗುರವಾದ ಮಣ್ಣು ಹರಿದುಹೋಗುತ್ತದೆ, ಭಾರವಾದ ಚಿನ್ನ ತಳದಲ್ಲಿ ಕೂರುತ್ತದೆ.

ಇದು ನಿಮಗೆ ಗೊತ್ತಿಲ್ಲದ್ದೇನೂ ಅಲ್ಲ. ಅಜ್ಜಿ ಅಕ್ಕಿಯನ್ನು ಪಾತ್ರೆಯಲ್ಲಿ ನೀರು ಹಾಕಿ ಅಲ್ಲಾಡಿಸಿ ಕಲ್ಲು ಬೇರೆ ಮಾಡುವುದನ್ನು ನೋಡಿದ್ದೀರಾ? ಅದಕ್ಕೆ ಕೆಲವರ ಮನೆಯಲ್ಲಿ ಗಾಳಿಸುವುದು ಎನ್ನುತ್ತಾರೆ, ಇನ್ನು ಕೆಲವರ ಮನೆಯಲ್ಲಿ ಜಾಲಿಸುವುದು ಎನ್ನುತ್ತಾರೆ. ಬಟ್ಟೆಯನ್ನು ನೀರಿನಲ್ಲಿ ಆಡಿಸಿದರೆ ಜಾಲಾಡುವುದು. "ಇಡೀ ಮನೆ ಜಾಲಾಡಿದೆ, ಬೀಗದ ಕೈ ಸಿಗಲಿಲ್ಲ" ಎಂದೂ ಹೇಳುತ್ತೇವೆ. ತೊಳೆಯುವುದಕ್ಕೂ ಹುಡುಕುವುದಕ್ಕೂ ಕನ್ನಡದಲ್ಲಿ ಒಂದೇ ಮಾತು! ನೀರಿನಲ್ಲಿ ಸ್ಕೂಪ್ ಹಿಡಿದು ನಿಂತವರು ಮಾಡುವುದು ಇದನ್ನೇ. ಮರಳು ತುಂಬಿದ ಬುಟ್ಟಿಯನ್ನು ಅಲೆಯಲ್ಲಿ ಆಚೆ ಈಚೆ ಆಡಿಸುತ್ತಾರೆ. ಸೋಸುವುದು, ಜಾಲಿಸುವುದು ಎರಡೂ ಒಂದೇ ಏಟಿಗೆ.

ಹಾಗಾದರೆ ಯಾವ ಸ್ಕೂಪ್?

ಈಗ ಅಂಗಡಿಗೆ ಹೋಗೋಣ. ಮೊದಲು ಕೇಳಬೇಕಾದ ಪ್ರಶ್ನೆ ಬೆಲೆ ಎಷ್ಟು ಎಂದಲ್ಲ, ಎಲ್ಲಿ ಹುಡುಕುತ್ತೀರಿ ಎಂದು.

ಒಣ ಮರಳಿಗೆ: ಕೈಯಲ್ಲಿ ಹಿಡಿಯುವ ಚಿಕ್ಕ ಪ್ಲಾಸ್ಟಿಕ್ ಸ್ಕೂಪ್ ಸಾಕು. ಒಣ ಮರಳು ಸಲೀಸಾಗಿ ಸೋರುತ್ತದೆ, ಹಾಗಾಗಿ ಸಣ್ಣ ತೂತಿದ್ದರೂ ನಡೆಯುತ್ತದೆ. ಪ್ಲಾಸ್ಟಿಕ್‌ನಿಂದ ಇನ್ನೊಂದು ಲಾಭವಿದೆ. ಸ್ಕೂಪನ್ನೇ ಡಿಟೆಕ್ಟರ್ ಮುಂದೆ ಹಿಡಿದು, ವಸ್ತು ಒಳಗೆ ಬಂತೇ ಎಂದು ನೋಡಬಹುದು. ಉಕ್ಕಿನದಾದರೆ ಡಿಟೆಕ್ಟರ್ ಸ್ಕೂಪಿಗೇ ಕೂಗಿಕೊಳ್ಳುತ್ತದೆ. ಪುಟ್ಟ ಮಕ್ಕಳಿಗೆ ಇದೇ ಒಳ್ಳೆಯದು.

ಒದ್ದೆ ಮರಳಿಗೆ: ಇದು ಭಾರ, ಗಟ್ಟಿ, ಬೇಗ ಸೋರುವುದಿಲ್ಲ. ಪ್ಲಾಸ್ಟಿಕ್ ಬಾಗುತ್ತದೆ, ಮುರಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ, ಸೊಂಟದೆತ್ತರದ ಹಿಡಿ ಇರುವ ಸ್ಕೂಪ್ ಬೇಕು. ಇಲ್ಲದಿದ್ದರೆ ಒಂದು ಗಂಟೆ ಬಗ್ಗಿ ಅಗೆದ ಮೇಲೆ ಅಪ್ಪಂದಿರ ಬೆನ್ನು ಮಾತಾಡುತ್ತದೆ.

ನೀರಿಗೆ: ಮೊಣಕಾಲು, ಸೊಂಟದ ಮಟ್ಟದ ನೀರಿನಲ್ಲಿ ಕೈಯಿಂದ ಒತ್ತಲು ಆಗುವುದಿಲ್ಲ. ಬುಟ್ಟಿಯ ಹಿಂದೆ ಕಾಲಿಟ್ಟು ತುಳಿಯಲು ಒಂದು ಪಟ್ಟಿ ಇರಬೇಕು. ಸ್ಟೀಲಿನಲ್ಲೂ ಬಗೆಗಳಿವೆ. 304 ಎಂಬುದಕ್ಕಿಂತ 316 ಎಂಬುದು ಉಪ್ಪುನೀರನ್ನು ಚೆನ್ನಾಗಿ ತಡೆಯುತ್ತದೆ, ಅದರಲ್ಲಿ ಮಾಲಿಬ್ಡಿನಮ್ ಸೇರಿರುತ್ತದೆ. ಯಾವುದೇ ಇರಲಿ, ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಬೇಕು. ಟೈಟಾನಿಯಂ ಹಗುರ, ಆದರೆ ದುಬಾರಿ. ಎಷ್ಟೋ ಹವ್ಯಾಸಿಗಳು ತಾವೇ ಬೆಸುಗೆ ಹಾಕಿ ಸ್ಕೂಪ್ ಮಾಡಿಕೊಳ್ಳುವುದೂ ಉಂಟು.

ಕೊನೆಗೆ ತೂತು. ಸಾಮಾನ್ಯವಾಗಿ ಸುಮಾರು 10, 13, 16 ಮಿಲಿಮೀಟರ್ ಅಗಲದ ತೂತುಗಳಿರುತ್ತವೆ. ದೊಡ್ಡ ತೂತಾದರೆ ಮರಳು ಬೇಗ ಸೋರಿ ಕೈ ದಣಿಯುವುದಿಲ್ಲ. ಆದರೆ ಏನನ್ನು ಬಿಟ್ಟುಕೊಡುತ್ತೀರಿ ಎಂದು ಲೆಕ್ಕ ಹಾಕಿ. ಅಮೆರಿಕದ ಅತಿ ಚಿಕ್ಕ ನಾಣ್ಯವಾದ ಡೈಮ್ 17.9 ಮಿಲಿಮೀಟರ್ ಅಗಲ. 16ರ ತೂತಿನಲ್ಲಿ ಅದು ಬೀಳುವುದಿಲ್ಲ. ಆದರೆ 1715ರ ಹಡಗಿನ ನಾಣ್ಯಗಳು ಒಂದೇ ಅಳತೆಯವಲ್ಲ. ಎಂಟು ರಿಯಾಲಿನ ನಾಣ್ಯ ಸುಮಾರು 27 ಗ್ರಾಂ. ಅರ್ಧ ರಿಯಾಲ್ ಅದರ ಹದಿನಾರನೆಯ ಒಂದು ಪಾಲು, ಅಂದರೆ 1.7 ಗ್ರಾಂ ಮಾತ್ರ. ಈ ಕಾಲದ ಚಿಲ್ಲರೆ ಹಿಡಿಯುವ ಸ್ಕೂಪಿನಿಂದ ಆ ಕಾಲದ ಚಿಲ್ಲರೆ ಜಾರಿಹೋಗಬಹುದು. ಮಕ್ಕಳ ಉಂಗುರವೂ ಹಾಗೆಯೇ. ಕಿವಿಯೋಲೆ ಎಲ್ಲದರಲ್ಲೂ ಜಾರುತ್ತದೆ. ತೆಳು ಸರವಂತೂ ಒತ್ತುಶ್ಯಾವಿಗೆಯ ಹಾಗೆ ತೂತಿನಲ್ಲಿ ಇಳಿದುಹೋಗುತ್ತದೆ. ತೆಳು ಸರ ಡಿಟೆಕ್ಟರಿಗೂ ಸರಿಯಾಗಿ ಕೇಳಿಸುವುದಿಲ್ಲ. ಆದ್ದರಿಂದ ಕೊಳ್ಳುವ ಮೊದಲು ಮನೆಯಲ್ಲಿರುವ ಅತಿ ಚಿಕ್ಕ ಉಂಗುರದ ಅಗಲವನ್ನು ಅಳತೆಪಟ್ಟಿಯಲ್ಲಿ ಅಳೆದುಕೊಂಡು ಹೋಗಿ. ನನ್ನನ್ನು ಕೇಳಿದರೆ, ಎಲ್ಲಕ್ಕೂ ಒಂದೇ ಸ್ಕೂಪ್ ಬೇಕು ಎನ್ನುವವರಿಗೆ 13ರ ತೂತಿನ, ಉದ್ದ ಹಿಡಿಯ ಸ್ಟೀಲ್ ಸ್ಕೂಪ್ ಸರಿ.

ತಾಯಂದಿರಿಗೆ ಒಂದು ಮಾತು. ತಣ್ಣೀರಿನಲ್ಲಿ ಬೆರಳು ಸಣ್ಣಗಾಗುತ್ತದೆ, ಸನ್‌ಸ್ಕ್ರೀನ್‌ನಿಂದ ಚರ್ಮ ಜಾರುತ್ತದೆ. ಉಂಗುರ ಕಳೆಯುವುದು ಹೀಗೆಯೇ. ಸಮುದ್ರಕ್ಕೆ ಇಳಿಯುವ ಮೊದಲು ಒಡವೆ ತೆಗೆದಿಡಿ. ಅಕಸ್ಮಾತ್ ಕಳೆದರೆ ಗಾಬರಿಯಿಂದ ಎಲ್ಲರೂ ಸೇರಿ ಮರಳು ಕೆದಕಬೇಡಿ. ನಿಂತಲ್ಲೇ ನಿಂತು, ದಡದಲ್ಲಿ ಕಾಣುವ ಎರಡು ಗುರುತು ನೋಡಿಕೊಳ್ಳಿ: ಇತ್ತ ಆ ಕಟ್ಟಡ, ಅತ್ತ ಈ ಕಂಬ. ಗಂಟೆ ಬರೆದುಕೊಳ್ಳಿ, ಏಕೆಂದರೆ ಅಲೆಯ ಏರಿಳಿತ ಲೆಕ್ಕ ಹಾಕಲು ಅದು ಬೇಕು. ಆಮೇಲೆ ಡಿಟೆಕ್ಟರ್ ಇರುವವರನ್ನು ಕರೆಯಿರಿ.

ಅಗೆಯುವ ಮೊದಲು

ಜಾಗ ಗುರುತಿಟ್ಟುಕೊಳ್ಳಿ ಎಂದೆನಲ್ಲ, ಇತಿಹಾಸ ಕೇಳುವುದೂ ಅದನ್ನೇ. ಸ್ಕೂಪಿಗೆ ನಾಣ್ಯ ಹಿಡಿಯಲು ಬರುತ್ತದೆ, ನಾಣ್ಯ ಇದ್ದ ಜಾಗವನ್ನು ಹಿಡಿಯಲು ಬರುವುದಿಲ್ಲ. ಅದು ಮರಳಿನ ಜೊತೆ ಸೋರಿಹೋಗುತ್ತದೆ. ಯಾವ ತೂತಿನ ಸ್ಕೂಪ್ ಕೊಂಡರೂ ಅಷ್ಟೇ. ಅದಕ್ಕೇ ಕಾನೂನು ಇದೆ. 1988ರಿಂದ ಅಮೆರಿಕದಲ್ಲಿ ಕರಾವಳಿಯ ನೆಲದಲ್ಲಿ ಹುದುಗಿರುವ ಹಳೆಯ ಹಡಗುಗಳು ಆಯಾ ರಾಜ್ಯಗಳಿಗೆ ಸೇರಿವೆ. 1715ರ ಹಡಗುಗಳಿರುವ ನೀರಿನಲ್ಲಿ ಅನುಮತಿ ಇಲ್ಲದೆ ಅಗೆಯುವ ಹಾಗಿಲ್ಲ. ತೀರದ ನಿಯಮ ಒಂದೊಂದು ಊರಿನಲ್ಲಿ, ಪಾರ್ಕಿನಲ್ಲಿ ಒಂದೊಂದು ಥರ, ಹೋಗುವ ಮೊದಲು ಕೇಳಿ ತಿಳಿದುಕೊಳ್ಳಿ. ಕಳೆದುಹೋದ ಉಂಗುರ ಹುಡುಕಿ ಕೊಡುವುದು ಪುಣ್ಯದ ಕೆಲಸ. ಆದರೆ ಹಳೆಯದೆಂದು ಕಾಣುವ ವಸ್ತು ಸಿಕ್ಕರೆ ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ, ಫೋಟೋ ತೆಗೆದು, ಜಾಗ ಗುರುತಿಸಿ, ಅಧಿಕಾರಿಗಳಿಗೆ ತಿಳಿಸಿ. ಸಾವಿರ ಜನ ಸತ್ತ ರಾತ್ರಿಯ ಬಗ್ಗೆ ಇನ್ನೂ ಓದಬೇಕಾದದ್ದು ಆ ಮರಳಿನಲ್ಲಿದೆ.

ಇನ್ನೊಂದು ಕಾರಣಕ್ಕೂ ಎಚ್ಚರ ಬೇಕು. ಇದೇ ತೀರದಲ್ಲಿ ಆರ್ಚಿ ಕಾರ್ ವನ್ಯಜೀವಿ ಧಾಮವಿದೆ. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಕಡಲಾಮೆಗಳು ಇಲ್ಲಿ ಮರಳಿನಲ್ಲಿ ಮೊಟ್ಟೆ ಇಡುತ್ತವೆ. ಗುರುತು ಹಾಕಿದ ಗೂಡುಗಳ ಹತ್ತಿರ ಹೋಗಬೇಡಿ. ನೀವು ತೋಡಿದ ಗುಂಡಿಯನ್ನು ಮುಚ್ಚದೆ ಬಂದರೆ, ರಾತ್ರಿ ಸಮುದ್ರಕ್ಕೆ ಓಡುವ ಮರಿ ಆಮೆ ಅದರಲ್ಲಿ ಬಿದ್ದು ಮೇಲೆ ಬರಲಾಗದೆ ಸಾಯಬಹುದು. ಸ್ಕೂಪಿನ ಬೆನ್ನಿನಿಂದ ಮರಳನ್ನು ಎಳೆದು ಸಮ ಮಾಡಲು ಅರ್ಧ ನಿಮಿಷ ಸಾಕು.

ಬೇಸಿಗೆ ರಜೆಯಲ್ಲಿ ಆ ಕಡೆ ಹೋಗುವವರಿದ್ದರೆ ಸೆಬಾಸ್ಟಿಯನ್ ಇನ್ಲೆಟ್ ಸ್ಟೇಟ್ ಪಾರ್ಕಿನಲ್ಲಿರುವ ಮೆಕ್ಲಾರ್ಟಿ ಟ್ರೆಷರ್ ಮ್ಯೂಸಿಯಂ ನೋಡಿ. ಬದುಕುಳಿದವರು ಬಿಡಾರ ಹೂಡಿದ್ದ ಜಾಗದಲ್ಲೇ ಅದು ನಿಂತಿದೆ. ಈಜು, ಡೈವಿಂಗ್ ಬಲ್ಲ ದೊಡ್ಡವರು ಫೋರ್ಟ್ ಪಿಯರ್ಸ್ ಹತ್ತಿರ ಅದೇ ಪಡೆಯ ಉರ್ಕಾ ಡಿ ಲಿಮಾ ಹಡಗಿನ ಅವಶೇಷವನ್ನು ನೀರಿನಡಿಯಲ್ಲೇ ನೋಡಬಹುದು. 1987ರಲ್ಲಿ ಅದು ಫ್ಲಾರಿಡಾದ ಮೊದಲ ಜಲಾಂತರ ಪುರಾತತ್ತ್ವ ರಕ್ಷಿತ ತಾಣವಾಯಿತು. ಅಲ್ಲಿ ಯಾರೂ ಏನನ್ನೂ ಎತ್ತುವಂತಿಲ್ಲ. ಅಲ್ಲಿಗೆ ಹೋಗುವಾಗ ಸ್ಕೂಪನ್ನು ಕಾರಿನಲ್ಲೇ ಬಿಟ್ಟುಹೋಗಿ.